ಬಡಗಣ ಗೋಡೆಯ ಹುಲ್ಲು

ಅಶ್ವತ್ಥನಾರಾಯಣ ಮೇಷ್ಟರು ಶರಣಪ್ಪನನ್ನು ಮೊದಲ ಸಲ ಕಂಡದ್ದು ಲಂಡನ್ನಿನ ಸೌತ್‌ಹಾಲ್ ಬಡಾವಣೆಯ ಬ್ರಾಡ್‌ವೇ ರಸ್ತೆಯಲ್ಲಿ, ಒಂದು ತರಕಾರಿ ಅಂಗಡಿಯ ಮುಂದೆ. ಮೇಷ್ಟರು ಮೈಸೂರಿನ ಹೈಸ್ಕೂಲೊಂದರಲ್ಲಿ ಬಹುಕಾಲ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಕಿಂಗ್ಸ್‌ಬರಿಯಲ್ಲಿ ಮನೆ ಮಾಡಿಕೊಂಡಿರುವ ಮಗಳು ಜಾಹ್ನವಿಯ ಜೊತೆ ವಾಸ. ಅಡುಗೆ, ಕಾರು, ಬ್ಯಾಂಕು ಎಲ್ಲವನ್ನೂ ಮಗಳಿಗೆ ಒಪ್ಪಿಸಿದ್ದರೂ ತರಕಾರಿ ಆರಿಸುವ ಅಧಿಕಾರವನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಆ ಶನಿವಾರ ಅವರು ನುಗ್ಗೆಕಾಯಿಯನ್ನು ಬಗ್ಗಿಸಿ ನೋಡುತ್ತಿದ್ದಾಗ, ಪಕ್ಕದಲ್ಲಿ ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ಒಂದು ಕಟ್ಟು ಮೆಂತ್ಯದ ಸೊಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿರುವುದು ಕಣ್ಣಿಗೆ ಬಿತ್ತು. ಜನ ಬಸ್‌ಸ್ಟಾಪಿನ ಕಂಬವನ್ನು ಬಳಸಿಕೊಂಡು ಹೋಗುವ ಹಾಗೆ ಅವನನ್ನು ಬಳಸಿಕೊಂಡು ಹೋಗುತ್ತಿದ್ದರು.

ಅಂಗಡಿಯ ಸರ್ದಾರ್ಜಿ ತಾಳ್ಮೆಗೆಟ್ಟು, "ಅಂಕಲ್, ತೆಗೆದುಕೊಳ್ಳುತ್ತೀರೋ, ಕೆಳಗಿಡುತ್ತೀರೋ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಆತ್ರಿ, ತಗೋತೇನ್ರಿ," ಎಂದ ಆ ಮನುಷ್ಯ, ಅಚ್ಚ ಕನ್ನಡದಲ್ಲಿ.

ಸರ್ದಾರ್ಜಿ ದಿಕ್ಕು ತೋಚದೆ ಮೇಷ್ಟರ ಮುಖ ನೋಡಿದ. ಮೇಷ್ಟರಿಗೆ ನಗು ಬಂತು.

"ಧಾರವಾಡದ ಕಡೆಯವರೇ?"

"ಹೌದ್ರಿ. ಹೆಂಗ ಗೊತ್ತಾತ್ರಿ?"

"ಸರ್ದಾರ್ಜಿಗೆ ಕನ್ನಡದಲ್ಲಿ ಉತ್ತರ ಕೊಡೋ ಧೈರ್ಯ ಇನ್ಯಾವ ಊರಿನವರಿಗಿದೆ ಹೇಳಿ!"

ಅವನು ನಗಲಿಲ್ಲ. ಮಾತನ್ನು ಕೇಳಿಸಿಕೊಂಡು, ಅದರ ಅರ್ಥವನ್ನು ಯೋಚಿಸಿ, "ಖರೇ ಐತ್ರಿ," ಎಂದ. ಆಮೇಲೆ ಕೈಯಲ್ಲಿದ್ದ ಸೊಪ್ಪನ್ನು ನೋಡುತ್ತ, "ಮನ್ಯಾಗ ಮೆಂತ್ಯೆ ಐತೋ ಇಲ್ಲೋ ನೆನಪಾಗವಲ್ದು ಸರ," ಎಂದ.

"ಮನೆಗೊಂದು ಫೋನ್ ಮಾಡಿ ಕೇಳಿಬಿಡಿ, ಅಷ್ಟೇ ತಾನೇ."

"ಮಗಳು ಹೊರಗ ಹೋಗ್ಯಾಳ್ರಿ. ಅಕಿ ಅವ್ವ ತೀರಿಕೊಂಡು ಎರಡು ವರ್ಷಾತು."

ಗ್ರೀನ್‌ಫರ್ಡಿಗೆ ಯಾವ ಬಸ್ಸು ಎಂದು ಕೇಳಿದವರಿಗೆ ನಂಬರು ಹೇಳುವ ಧಾಟಿಯಲ್ಲಿ ಅವನು ಅದನ್ನು ಹೇಳಿದ. ಮೇಷ್ಟರು ನುಗ್ಗೆಕಾಯಿಯನ್ನು ಕೆಳಗಿಟ್ಟು, "ಬನ್ನಿ, ಎದುರುಗಡೆ ಟೀ ಕುಡಿಯೋಣ," ಎಂದು ಅವನ ತೋಳು ಹಿಡಿದರು. ಅವನು ಬಂದ. ಎಲ್ಲಿಗೆ ಕರೆದರೂ ಬರುತ್ತಿದ್ದನೇನೋ ಎಂದು ಅವರಿಗೆ ಆಮೇಲೆ ಅನ್ನಿಸಿತು.

ಕಾರು ನಿಲ್ಲಿಸಿ ಬಂದ ಜಾಹ್ನವಿ ಇಬ್ಬರನ್ನೂ ಟೀ ಅಂಗಡಿಯಲ್ಲಿ ಕಂಡು, "ಅಪ್ಪ, ನುಗ್ಗೆಕಾಯಿ ತರೋಕೆ ಅಂತ ಹೋಗಿ ಮನುಷ್ಯರನ್ನ ತಂದಿದ್ದೀರಲ್ಲ!" ಎಂದಳು. ಅವನನ್ನು ಗ್ರೀನ್‌ಫರ್ಡಿನ ಮನೆಯವರೆಗೂ ಬಿಟ್ಟುಬಂದದ್ದೂ ಅವಳೇ.

ಹೀಗೆ ಶುರುವಾದ ಪರಿಚಯ. ಮುಂದೆ ಶನಿವಾರಗಳಂದು ಮೇಷ್ಟರು ಗ್ರೀನ್‌ಫರ್ಡಿಗೆ ಹೋಗುವುದು, ಶರಣಪ್ಪ ರೊಟ್ಟಿ ಬಡಿಯುವುದು, ಇಬ್ಬರೂ ಅಡುಗೆಮನೆಯ ಮೇಜಿನ ಎದುರುಬದುರು ಕೂತು ಉಣ್ಣುವುದು ರೂಢಿಯಾಯಿತು. ಅವನ ಕಥೆ ಮೇಷ್ಟರಿಗೆ ತಿಳಿದದ್ದು ಹೀಗೆ ಒಂದೊಂದು ತುತ್ತಿನ ನಡುವೆ.

ಶರಣಪ್ಪ ಧಾರವಾಡದಲ್ಲಿ ಪ್ರಾಚೀನ ಇತಿಹಾಸ ಓದಿದವನು. ಹೊಲದ ಬದುವಿನಲ್ಲಿ ಬಿದ್ದ ವೀರಗಲ್ಲುಗಳನ್ನು ತೊಳೆದು, ಅಕ್ಷರಕ್ಕೆ ಸುಣ್ಣದ ಪುಡಿ ತುಂಬಿ ಓದುವುದರಲ್ಲಿ ನಿಸ್ಸೀಮ. ಹೆಂಡತಿ ಉಷಾ ಡಾಕ್ಟರು. ಅವಳಿಗೆ ಲಂಡನ್ನಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ಹೆಂಡತಿಯ ವೀಸಾದ ಬಾಲ ಹಿಡಿದು ಬಂದ. ಮೊದಲ ವರ್ಷಗಳಲ್ಲಿ ಗ್ರೀನ್‌ಫರ್ಡಿನ ಗೋದಾಮೊಂದರಲ್ಲಿ ಪೆಟ್ಟಿಗೆ ಎತ್ತಿ ಇಳಿಸಿದ. ಆಮೇಲೆ ಉಷಾಳ ಒತ್ತಾಯಕ್ಕೆ ಇಲ್ಲಿನ ಪುರಾತತ್ವದ ಕೋರ್ಸೊಂದನ್ನು ಸಂಜೆ ತರಗತಿಯಲ್ಲಿ ಮುಗಿಸಿ, ಈಲಿಂಗಿನಲ್ಲಿದ್ದ ಒಂದು ಸಣ್ಣ ಕಂಪನಿ ಸೇರಿದ. ಅವನ ಕೆಲಸ ಏನೆಂದು ಮೇಷ್ಟರು ಕೇಳಿದಾಗ ಹೀಗೆ ಹೇಳಿದ:

"ಯಾರರ ಎಲ್ಲ್ಯರ ದೊಡ್ಡ ಕಟ್ಟಡ ಕಟ್ಟತಾರ ಅನ್ರಿ. ಅದರ ಸುತ್ತಮುತ್ತ ಹಳೇ ಗುಡಿ, ಹಳೇ ಮನಿ, ಹಳೇ ಗೋರಿ ಏನೇನವ ನೋಡಿ, ಈ ಕಟ್ಟಡದಿಂದ ಅವಕ್ಕ ಎಷ್ಟು ಹಾನಿ ಆಕ್ಕೈತಿ ಅಂತ ನಾವು ಬರದು ಕೊಡೂದು. ಅದನ್ನ ನೋಡಿ ಪರವಾನಗಿ ಕೊಡ್ತಾರ."

"ಎಷ್ಟು ಹಾನಿ ಅಂತ ಅಳೆಯೋದು ಹೇಗೆ?"

"ಅದಕ್ಕ ಮಾತು ಅದಾವ್ರಿ ಸರ. ಒಂದು ಗಣನೀಯ ಹಾನಿ. ಇನ್ನೊಂದು ಗಣನೀಯಕ್ಕಿಂತ ಕಡಿಮಿ ಹಾನಿ."

"ಅಂದರೆ ಅಲ್ಪ ಹಾನಿ ಅಂದ ಹಾಗಾಯ್ತು."

"ಅಲ್ಲರಿ. ಅಲ್ಪ ಬ್ಯಾರೆ. ಇದು ಗಣನೀಯಕ್ಕಿಂತ ಕಡಿಮಿ, ಆದ್ರ ಹಾನಿ."

ಮೂರು ದಶಕ ವ್ಯಾಕರಣ ಕಲಿಸಿದ್ದ ಮೇಷ್ಟರು ತಲೆ ಕೆರೆದುಕೊಂಡರು. ಶರಣಪ್ಪನ ಮಗಳು ಧೃತಿ, ಕಾಲೇಜಿನಲ್ಲಿ ಓದುವ ಹುಡುಗಿ, ಫ್ರಿಜ್ಜಿನೊಳಗೆ ತಲೆ ಹಾಕಿಕೊಂಡೇ, "ಅಜ್ಜಾ, ಡೋಂಟ್ ಆಸ್ಕ್ ಹಿಮ್. ಸುಟ್ಟ ರೊಟ್ಟಿಗೂ ಅದನ್ನೇ ಹೇಳ್ತಾರೆ," ಎಂದಳು.

ಉಷಾ ತೀರಿಕೊಂಡದ್ದು ಒಂದು ಚಳಿಗಾಲದಲ್ಲಿ, ತಾನೇ ದುಡಿಯುತ್ತಿದ್ದ ಆಸ್ಪತ್ರೆಯಲ್ಲಿ. ಶರಣಪ್ಪ ಅದರ ಬಗ್ಗೆ ಹೆಚ್ಚು ಮಾತಾಡಿದವನಲ್ಲ. ಒಮ್ಮೆ ಮಾತ್ರ, ರೊಟ್ಟಿಯ ಹಿಟ್ಟು ನಾದುತ್ತ ಹೇಳಿದ. "ನಾವು ಲಿಂಗಾಯತರು ನೋಡ್ರಿ. ನಮ್ಮಲ್ಲಿ ಸುಡೂದಿಲ್ಲ, ಕೂಡ್ರಿಸಿ ಮಣ್ಣು ಮಾಡ್ತಾರ. ಕೈಯಾಗ ಲಿಂಗ ಇಟ್ಟು. ಇಲ್ಲಿ ಕೂಡ್ರಸಾಕ ಆಗೂದಿಲ್ಲ ಅಂದ್ರು. ಮಲಗಿಸಿದ್ವಿ." ಹಿಟ್ಟನ್ನು ಮಗುಚಿ, "ಮಣ್ಣು ಇಳಿದ ಮ್ಯಾಲೆ ಕಲ್ಲು ನಿಲ್ಲಿಸ್ರಿ ಅಂತ ಕೌನ್ಸಿಲ್‌ನವ್ರು ಹೇಳ್ಯಾರ. ಇಳಿದೈತಿ. ಇನ್ನೂ ನಿಲ್ಲಿಸಿಲ್ಲ," ಎಂದ. ಯಾಕೆ ಎಂದು ಮೇಷ್ಟರು ಕೇಳಲಿಲ್ಲ. ಆ ದಿನಗಳಲ್ಲಿ ಅವನು ಏಳುತ್ತಿದ್ದ, ಕೆಲಸಕ್ಕೆ ಹೋಗುತ್ತಿದ್ದ, ಬರುತ್ತಿದ್ದ. ಬಿಸಿ ತವೆಗೆ ಬೆರಳು ತಗುಲಿದರೂ ನಿಧಾನಕ್ಕೆ ಕೈ ಹಿಂತೆಗೆಯುತ್ತಿದ್ದ.

ಬಾರ್ಕಿಂಗಿನ ಫೋನು ಬಂದದ್ದು ಮರುವರ್ಷದ ವಸಂತದಲ್ಲಿ.

ಅದಕ್ಕೆ ಮೊದಲು ಒಂದು ಮಾತು ಹೇಳಬೇಕು. ಪೂರ್ವದ ಕಡಲಂಚಿನಲ್ಲಿ, ಲಂಡನ್ನಿನಿಂದ ರೈಲಿನಲ್ಲಿ ಅರ್ಧ ದಿನದ ಹಾದಿಯಲ್ಲಿ, ಒಂದು ಹಳೆಯ ಅಣುವಿದ್ಯುತ್ ಸ್ಥಾವರವಿತ್ತು. ಅಲ್ಲಿ ಉರಿದು ಮುಗಿದ ಇಂಧನದ ಸರಳುಗಳನ್ನು ಒಂದು ಕೊಳದ ನೀರಿನಲ್ಲಿ ಮುಳುಗಿಸಿ ಇಟ್ಟಿದ್ದರು. ಉರಿದು ಮುಗಿದರೂ ಅವುಗಳ ಕಾವು ಮತ್ತು ವಿಷ ಮುಗಿಯುವುದಿಲ್ಲ; ತಲೆಮಾರುಗಟ್ಟಲೆ ಕಾಯಬೇಕು. ಕೊಳಕ್ಕೆ ವಯಸ್ಸಾಗಿತ್ತು. ಸರಳುಗಳನ್ನು ತೆಗೆದು, ಉಕ್ಕು ಮತ್ತು ಕಾಂಕ್ರೀಟಿನ ದೊಡ್ಡ ಪೀಪಾಯಿಗಳಲ್ಲಿ ತುಂಬಿ, ನೀರಿಲ್ಲದೆ ಒಣಗಿನಲ್ಲಿ ಕಾಪಾಡುವ ಹೊಸ ಉಗ್ರಾಣ ಕಟ್ಟಬೇಕೆಂದು ತೀರ್ಮಾನವಾಯಿತು. ಪೀಪಾಯಿ ಹೊರುವ ವಾಹನ ಬಲು ಭಾರದ್ದು. ಅದಕ್ಕೆ ಆಳವಾಗಿ ಅಗೆದು ಹಾಕಿದ ಕಾಂಕ್ರೀಟ್ ರಸ್ತೆ ಬೇಕು. ಕೊಳಕ್ಕೂ ಉಗ್ರಾಣದ ಜಾಗಕ್ಕೂ ನಡುವೆ, ಸ್ಥಾವರದ ಜಮೀನಿನೊಳಗೇ, ಬೀಗ ಬಿದ್ದು ಬಹಳ ಕಾಲವಾದ ಒಂದು ಪುಟ್ಟ ಚಾಪೆಲ್ ಇತ್ತು. ಪ್ರಾರ್ಥನೆಗೆಂದು ಬೆಸ್ತರು ಕಟ್ಟಿಕೊಂಡ ಚಿಕ್ಕ ಇಗರ್ಜಿ. ಅದೂ, ಅದರ ತೆಂಕಣ ಬದಿಯ ಇಟ್ಟಿಗೆಯ ಪಾಗಾರವೂ ಕಾಯ್ದೆಯ ರಕ್ಷಣೆ ಪಡೆದವು. ಗೋರಿಕಲ್ಲುಗಳೆಲ್ಲ ಮೂಡಣಕ್ಕೆ. ಬಡಗಣಕ್ಕೆ ಬರೀ ಹುಲ್ಲು.

ಅಣು ಇಂಧನದ ಉಗ್ರಾಣವಾದರೇನು, ಕಾರ್ ಪಾರ್ಕಾದರೇನು, ಹಳೆಯದಕ್ಕೆ ಆಗುವ ಹಾನಿಯ ವಿಮರ್ಶೆ ಇಲ್ಲಿ ತಪ್ಪಿದ್ದಲ್ಲ. ಆ ವಿಮರ್ಶೆ ಶರಣಪ್ಪನ ಪಾಲಿಗೆ ಬಂದಿತ್ತು. ಅವನು ಹೋಗಿ, ಅಳೆದು, ಫೋಟೋ ತೆಗೆದು, ರಸ್ತೆಯನ್ನು ಬಡಗಣ ಹುಲ್ಲಿನ ಮೇಲೆ ತೆಗೆದುಕೊಂಡು ಹೋಗಬಹುದು, ಅಲ್ಲಿ ಏನೂ ಇಲ್ಲ, ಹಾನಿ ಗಣನೀಯಕ್ಕಿಂತ ಕಡಿಮೆ ಎಂದು ಬರೆದು ಕೊಟ್ಟಿದ್ದ.

ಪರವಾನಗಿಯ ಅರ್ಜಿಯೊಂದಿಗೆ ಆಗಷ್ಟೇ ಪ್ರಕಟವಾಗಿದ್ದ ಅದನ್ನು ಓದಿದ ಒಬ್ಬ ಅಜ್ಜಿ ಲಂಡನ್ನಿನ ಪೂರ್ವದಂಚಿನ ಬಾರ್ಕಿಂಗಿನಿಂದ ಕಂಪನಿಗೆ ಫೋನು ಮಾಡಿ, ಬರೆದವರನ್ನು ಕಳಿಸಿ ಎಂದಿದ್ದರು.

"ಒಬ್ಬನ ಹೋಗಾಕ ಮನಸಿಲ್ರಿ ಸರ. ಬರ್ತೀರೇನು?" ಎಂದು ಶರಣಪ್ಪ ಮೇಷ್ಟರನ್ನು ಕೇಳಿದ. ಅವನು ತನಗಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಮೇಷ್ಟರು ಕಿಂಗ್ಸ್‌ಬರಿಯಿಂದ ಟ್ಯೂಬ್ ರೈಲು ಹತ್ತಿ ವೆಸ್ಟ್ ಹ್ಯಾಮಿನ ಪ್ಲಾಟ್‌ಫಾರಮ್ಮಿನಲ್ಲಿ ಅವನನ್ನು ಕೂಡಿಕೊಂಡರು.

ಅಜ್ಜಿಯ ಹೆಸರು ಮಿಸೆಸ್ ಪ್ಯಾಸ್ಕ್. ಎಂಬತ್ತು ದಾಟಿದವರು, ಗಾಲಿಕುರ್ಚಿಯಲ್ಲಿ ಓಡಾಟ, ಕೌನ್ಸಿಲ್ಲಿನ ಫ್ಲ್ಯಾಟಿನಲ್ಲಿ ಒಬ್ಬರೇ. ಬಾಗಿಲು ತೆಗೆದು ಇಬ್ಬರನ್ನೂ ಅಡಿಯಿಂದ ಮುಡಿವರೆಗೆ ನೋಡಿದರು.

"ಯಾರು ಇಬ್ಬರಲ್ಲಿ, ಆ ಹುಲ್ಲಿನಲ್ಲಿ ಏನೂ ಇಲ್ಲ ಅಂತ ಬರೆದವರು?"

"ನಾನು," ಎಂದ ಶರಣಪ್ಪ.

"ಅಲ್ಲಿ ನನ್ನ ಮಗಳಿದ್ದಾಳೆ. ಸಕ್ಕರೆ ಎಷ್ಟು ಹಾಕಲಿ?"

ಟೀ ಬಂತು. ಬಿಸ್ಕತ್ತು ಬಂತು. ಆಮೇಲೆ ಅಜ್ಜಿ ಹೇಳಿದರು. ಸ್ಥಾವರ ಕಟ್ಟುತ್ತಿದ್ದ ಕಾಲ. ಅವರ ಗಂಡ ಅಲ್ಲಿ ಕಾಂಕ್ರೀಟ್ ಕಲಸುತ್ತಿದ್ದ. ಮೊದಲ ಕೂಸು ಹೊಟ್ಟೆಯಲ್ಲೇ ಸತ್ತು ಹುಟ್ಟಿತು. ಆ ಕಾಲದಲ್ಲಿ ಅಂಥ ಮಕ್ಕಳಿಗೆ ಹೆಸರಿಲ್ಲ, ಪ್ರಾರ್ಥನೆಯಿಲ್ಲ, ಕಲ್ಲಿಲ್ಲ. ತಾಯಿಗೆ ತೋರಿಸುತ್ತಲೂ ಇರಲಿಲ್ಲ. ಗಂಡನೂ ಚಾಪೆಲ್ ನೋಡಿಕೊಳ್ಳುತ್ತಿದ್ದವನೂ ಸೇರಿ ಒಂದು ಪೆಟ್ಟಿಗೆಯಲ್ಲಿಟ್ಟು ಹೂಳಿ ಬಂದರು. "ಬಡಗಣ ಬದಿ, ಕಿಟಕಿಯ ಕೆಳಗೆ ಅಂತ ಒಂದೇ ಸಲ ಹೇಳಿದ. ಸಾಯೋವರೆಗೂ ಇನ್ನೊಂದು ಸಲ ಹೇಳಲಿಲ್ಲ. ನಾನೂ ಕೇಳಲಿಲ್ಲ. ಬೇಲಿ ಬಂತು. ನಾವು ಈ ಕಡೆ ಕಾರು ಕಾರ್ಖಾನೆಗೆ ಬಂದುಬಿಟ್ಟೆವು."

"ದಾಖಲೆ ಏನಾದರೂ ಇದೆಯೇ?" ಶರಣಪ್ಪ ಕೇಳಿದ.

"ಇದ್ದಿದ್ದರೆ ನಿಮಗೆ ಟೀ ಮಾಡಿಕೊಡೋ ಕೆಲಸ ನನಗೇಕೆ ಬೇಕಿತ್ತು?"

ಮೇಷ್ಟರು ಲೋಟದಲ್ಲಿ ಮುಖ ಅಡಗಿಸಿದರು. ಅಜ್ಜಿ ಶರಣಪ್ಪನ ಕಡೆಗೇ ನೋಡುತ್ತಿದ್ದರು. "ಕಲ್ಲು ಬೇಡ ನನಗೆ. ಹೆಸರೂ ಬೇಡ. ಅವಳ ಮೇಲೆ ಆ ರಸ್ತೆ ಹಾಕಬೇಡಿ ಅಂತ ಹೇಳಬಲ್ಲಿರಾ? ಆಗುತ್ತದೆ ಅನ್ನಿ, ಆಗದಿದ್ದರೆ ಆಗದು ಅನ್ನಿ."

"ನೋಡುತ್ತೇನೆ," ಎಂದ ಶರಣಪ್ಪ. ಎದ್ದು ಹೊರಡುವಾಗ ಅಜ್ಜಿ, "ನಿಮ್ಮ ಮನೆಯಲ್ಲಿ ಯಾರಾದರೂ ಹೋಗಿದ್ದಾರೆಯೇ?" ಎಂದು ಕೇಳಿದರು. ಮುಖ ನೋಡಿ ಕೇಳಿರಬೇಕು.

"ಹೆಂಡತಿ. ಗ್ರೀನ್‌ಫರ್ಡಿನಲ್ಲಿದ್ದಾಳೆ. ಕಲ್ಲು ಇನ್ನೂ ಹಾಕಿಸಿಲ್ಲ."

"ಅವಸರವೇನಿದೆ? ಹುಲ್ಲು ಬೆಳೆದಿದೆ ತಾನೇ? ಸಾಕು ಬಿಡಿ," ಎಂದರು ಅಜ್ಜಿ.

ವಾಪಸು ಬರುವ ರೈಲಿನಲ್ಲಿ ಶರಣಪ್ಪ ತಾನಾಗಿಯೇ ಬಾಯಿ ಬಿಟ್ಟ. "ಇದು ಮೊದಲನೇ ವರ್ಷದ ಪಾಠ ಸರ. ಚರ್ಚಿನ ದೀಕ್ಷೆ ಆಗದ ಸತ್ತ ಕೂಸುಗಳನ್ನ ಈ ದೇಶದಾಗ ಬಡಗಣ ಬದಿಗೆ ಇಡತಿದ್ರು, ಕಲ್ಲಿಲ್ದ. ನನಗ ಗೊತ್ತಿತ್ತು. ಗೊತ್ತಿದ್ದೂ ಕಲ್ಲು ಎಣಿಸಿ ಬಂದೆ. ಕಲ್ಲಿಲ್ಲ, ಅಂದಮ್ಯಾಲೆ ಯಾರೂ ಇಲ್ಲ ಅಂತ ಬರದೆ."

"ನೀವು ಹೋಗಿದ್ದು ಯಾವಾಗ?"

"ಉಷಾ ಹೋದ ವರ್ಷರಿ. ಆ ವರ್ಷ ನಾ ಏನೇನು ಮಾಡೇನಿ, ನನಗ ನೆನಪಿಲ್ಲ. ಫೋಟೋ ಅದಾವು. ನಾನ ತಗದಿದ್ದು."

"ಈಗ ನೆಲದೊಳಗೆ ನೋಡೋ ಯಂತ್ರಗಳಿವೆಯಂತಲ್ಲ. ನೋಡಿಸಿಬಿಡಿ."

"ಅಲ್ಲಿದು ಮರಳು ಸರ. ಹುಳಿ ಮರಳು. ಕೂಸಿನ ಎಲುಬು ಅದರಾಗ ಉಳಿಯೂದಿಲ್ಲ, ಕರಗಿ ಹೋಗತಾವು. ನೋಡಿದ್ರ ಏನೂ ಕಾಣೂದಿಲ್ಲ. ಕಾಣಲಿಲ್ಲ ಅಂದ್ರ ಇಲ್ಲ ಅಂತ ಬರೀತಾರ. ಮತ್ತ ನಾ ಮೊದಲು ಬರದದ್ದ ಖರೇ ಆಕ್ಕೈತಿ."

ಗ್ರೀನ್‌ಫರ್ಡಿಗೆ ರೈಲು ಬದಲಿಸಬೇಕಾದ ಮೈಲ್ ಎಂಡ್ ಬಂತು. ಅವನು ಇಳಿಯುವುದನ್ನು ಮರೆತಿದ್ದ; ಮೇಷ್ಟರು ಬೆನ್ನು ತಟ್ಟಿ ಇಳಿಸಿದರು.

ಅಜ್ಜಿಗೆ ಒಂದು ಸಲ ಆ ಜಾಗ ನೋಡಬೇಕೆಂದಿತ್ತು. ಅನುಮತಿಗೆ ಬರೆದು, ಪಾಸ್‌ಪೋರ್ಟು ತೋರಿಸಿ, ಬೇಸಿಗೆಯ ಒಂದು ದಿನ ಮೂವರೂ ಹೋದರು. ಗಾಲಿಕುರ್ಚಿ ತಳ್ಳಿದವನು ಶರಣಪ್ಪ. ಅಜ್ಜಿಯ ಕೈಚೀಲ ಹಿಡಿದವರು ಮೇಷ್ಟರು. ಹಿಂದೆ ಒಬ್ಬ ಕಾವಲುಗಾರ. ಉಗ್ರಾಣದ ಎಂಜಿನಿಯರು ಹ್ಯಾರಿಸ್ ಎಂಬಾತ ತಾನೂ ಬಂದ. ಸಭ್ಯ ಮನುಷ್ಯ, ಸುಸ್ತಾದ ಮನುಷ್ಯ.

ಚಾಪೆಲ್ಲಿನ ಬಡಗಣ ಗೋಡೆಗೆ ಇದ್ದದ್ದು ಒಂದೇ ಕಿಟಕಿ. ಅಜ್ಜಿ ಅದನ್ನು ಬಹಳ ಹೊತ್ತು ನೋಡಿದರು. ಎಲ್ಲರೂ ಅವರು ಅಳುತ್ತಾರೆಂದು ಕಾದರು. ಅವರು, "ನಾನು ಅಂದುಕೊಂಡಿದ್ದಕ್ಕಿಂತ ಕಿಟಕಿ ಚಿಕ್ಕದು," ಎಂದರು, ಅಷ್ಟೇ. ಹುಲ್ಲಿನ ಮೇಲೆ, ರಸ್ತೆಯ ಗುರುತಿಗೆಂದು ಹೊಡೆದ ಕೆಂಪು ಬಣ್ಣದ ಗೂಟಗಳು ಸಾಲಾಗಿದ್ದವು. ಒಂದು ಗೂಟ ಕಿಟಕಿಯ ನೇರ ಕೆಳಗಿತ್ತು. ಗಾಲಿ ಅದಕ್ಕೆ ತಾಗದ ಹಾಗೆ ಶರಣಪ್ಪ ಕುರ್ಚಿಯನ್ನು ತಿರುಗಿಸಿದ.

ಹ್ಯಾರಿಸ್ ಶರಣಪ್ಪನನ್ನು ಪಕ್ಕಕ್ಕೆ ಕರೆದ. ಮೇಷ್ಟರೂ ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲೇ ಇದ್ದರು.

"ಆಕೆಯ ಮಾತನ್ನು ನಾನು ನಂಬುತ್ತೇನೆ. ಆದರೆ ಆ ಕೊಳದ ಗೋಡೆ ನೋಡಿದ್ದೀರಾ? ನನ್ನ ಅಪ್ಪನ ವಯಸ್ಸು ಅದಕ್ಕೆ. ಅದರಲ್ಲಿರುವುದನ್ನು ಬೇಗ ಹೊರಗೆ ತೆಗೆದಷ್ಟೂ ಈ ಊರಿಗೆ ಒಳ್ಳೆಯದು. ಮೂಡಣಕ್ಕೆ ಜೌಗು. ರಸ್ತೆ ಬಡಗಣಕ್ಕೆ ಬೇಡವಾದರೆ ಉಳಿದದ್ದು ತೆಂಕಣ. ತೆಂಕಣಕ್ಕೆ ಹೋದರೆ ನಿಮ್ಮ ಪಾಗಾರದ ಮೂಲೆ ಒಡೆಯಬೇಕು. ನಿಮ್ಮದೇ ಕಾಯ್ದೆ ಒಪ್ಪುತ್ತದೆಯೇ?"

"ಒಪ್ಪುವುದು ಕಷ್ಟ," ಎಂದ ಶರಣಪ್ಪ.

"ಮತ್ತೆ?"

ಶರಣಪ್ಪ ಪಾಗಾರದ ಬಳಿಗೆ ಹೋಗಿ ಇಟ್ಟಿಗೆಗಳ ನಡುವಿನ ಗಾರೆಯನ್ನು ಬೆರಳಿನಿಂದ ಕೆರೆದ. ಸುಣ್ಣ ಉದುರಿತು. "ಸುಣ್ಣದ ಗಾರೆ. ಇಟ್ಟಿಗೆ ಒಡೆಯದೆ ಬಿಡಿಸಬಹುದು," ಎಂದ. ಹ್ಯಾರಿಸ್ ಅವನ ಮುಖವನ್ನೇ ನೋಡಿದ.

ಶರಣಪ್ಪ ಲಂಡನ್ನಿಗೆ ಮರಳಿ ತನ್ನ ವಿಮರ್ಶೆಯನ್ನು ಹಿಂತೆಗೆದುಕೊಂಡ. ಬಡಗಣ ಹುಲ್ಲು ಖಾಲಿಯಲ್ಲ. ರಸ್ತೆಯನ್ನು ತೆಂಕಣಕ್ಕೆ ಸರಿಸಬೇಕು. ಪಾಗಾರದ ಮೂಲೆಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಬಿಡಿಸಿ, ಒಳಕ್ಕೆ ಸರಿಸಿ ಮರಳಿ ಕಟ್ಟಬೇಕು ಎಂದು ಹೊಸದಾಗಿ ಬರೆದ. ಹಳೆಯದನ್ನು ಕಾಯುವ ಕಸುಬಿನವನು ಹಳೆಯ ಗೋಡೆಯನ್ನು ಬಿಚ್ಚಿರೆಂದು ಬರೆದದ್ದು ಆ ಕಂಪನಿಯಲ್ಲಿ ಹಿಂದೆಂದೂ ಆಗಿರಲಿಲ್ಲ. ಯಜಮಾನ ಕರೆಸಿ ಕೇಳಿದ: "ನಾವೇ ಬರೆದದ್ದನ್ನು ನಾವೇ ತಪ್ಪು ಅಂದರೆ ಇನ್ನು ಮುಂದೆ ಯಾರು ಕೆಲಸ ಕೊಡುತ್ತಾರೆ?" ಶರಣಪ್ಪ, "ಗೊತ್ತಿಲ್ಲ," ಎಂದನಂತೆ. ಅದನ್ನು ಮೇಷ್ಟರಿಗೆ ಹೇಳುವಾಗಲೂ ಅವನು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಕೆಲಸ ಹೋದರೆ ಏನ್ಮಾಡ್ತೀರಪ್ಪ? ಮಗಳ ಓದು ಇನ್ನೂ ಮುಗಿದಿಲ್ಲ."

"ಹೋದ್ರ ಹೋಗಲಿರಿ."

"ಹೆದರಿಕೆ ಆಗೋಲ್ವೇ?"

ಶರಣಪ್ಪ ಯೋಚಿಸಿದ. "ಆಗಬೇಕು ಸರ. ಆಗವಲ್ದು."

ಪರವಾನಗಿ ಕೊಡುವ ಯೋಜನಾ ಮಂಡಳಿಯ ಸಭೆ ಆನ್‌ಲೈನಿನಲ್ಲಿ ನಡೆಯಿತು. ಅವನು ಗ್ರೀನ್‌ಫರ್ಡಿನ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತ. ಮೇಷ್ಟರು ಕ್ಯಾಮೆರಾಕ್ಕೆ ಕಾಣದ ಹಾಗೆ ಫ್ರಿಜ್ಜಿನ ಪಕ್ಕ ಕುರ್ಚಿ ಹಾಕಿಕೊಂಡರು. ಧೃತಿ ಕಾಲೇಜಿಗೆ ಚಕ್ಕರ್ ಹೊಡೆದು ಮನೆಯಲ್ಲೇ ಉಳಿದಿದ್ದಳು. ತೆರೆಯ ಒಂದು ಮೂಲೆಯಲ್ಲಿ ಮಿಸೆಸ್ ಪ್ಯಾಸ್ಕ್ ಇದ್ದರು. ಅವರ ಹಣೆ ಮಾತ್ರ ಕಾಣುತ್ತಿತ್ತು.

ಕರೆದಾಗ ಶರಣಪ್ಪ ಮಾತಾಡಲು ತೊಡಗಿದ. ತುಟಿಗಳು ಅಲ್ಲಾಡಿದವು, ಆ ಕಡೆಯವರು ಕಿವಿಗೆ ಕೈ ಒಡ್ಡಿದರು.

"ಅಪ್ಪಾ, ಯು ಆರ್ ಆನ್ ಮ್ಯೂಟ್!" ಎಂದು ಧೃತಿ ಹಿಂದಿನಿಂದ ಬಗ್ಗಿ ಗುಂಡಿ ಒತ್ತಿದಳು. ಅವಳ ಜಡೆ ಕ್ಯಾಮೆರಾದ ಮುಂದೆ ತೂಗಿತು. ಮಂಡಳಿಯ ಒಬ್ಬ ಸದಸ್ಯ ನಕ್ಕ.

ಶರಣಪ್ಪ ಮೊದಲಿನಿಂದ ಹೇಳಿದ. ತಾನು ಕಲ್ಲುಗಳನ್ನಷ್ಟೇ ನೋಡಿದ್ದು, ಬಡಗಣ ಬದಿಯ ವಾಡಿಕೆಯನ್ನು ಮರೆತದ್ದು, ಮರಳಿನಲ್ಲಿ ಎಲುಬು ಉಳಿಯದಿರುವುದು. ಹಳೆಯ ಕಟ್ಟಡಗಳ ಬಗ್ಗೆ ಮಂಡಳಿಗೆ ಸಲಹೆ ಕೊಡುವ ಅಧಿಕಾರಿ, ಶಿಸ್ತಿನ ಹೆಂಗಸು, ಕೇಳಿದಳು:

"ಎರಡು ಶತಮಾನ ಬಾಳಿದ ಗೋಡೆ ಕಣ್ಣಮುಂದಿದೆ. ಅದನ್ನು ಬಿಚ್ಚಿ, ಇರುವ ಪುರಾವೆಯೇ ಇಲ್ಲದ ಒಂದು ಗೋರಿಯನ್ನು ಉಳಿಸಿ ಅನ್ನುತ್ತೀರಿ. ಅದು ಅಲ್ಲಿದೆ ಎಂದು ನಿಮಗೆ ಹೇಗೆ ಗೊತ್ತು?"

"ತಾಯಿ ಹೇಳಿದರು."

"ಮತ್ತೇನು?"

"ಮತ್ತೇನೂ ಇಲ್ಲ."

ಅಧಿಕಾರಿ ಅದನ್ನು ಬರೆದುಕೊಂಡಳು. ಶರಣಪ್ಪ ಮತ್ತೆ ಹೇಳಿದ: "ಮೇಡಮ್, ಗೋಡೆಯನ್ನು ಬಿಚ್ಚಿ ಮರಳಿ ಕಟ್ಟಲು ನನಗೆ ಬರುತ್ತದೆ. ಆ ಹುಲ್ಲನ್ನು ಅಗೆದರೆ ಮರಳಿ ಇಡಲು ಯಾರಿಗೂ ಬರುವುದಿಲ್ಲ. ಒಂದು ಹಾನಿ ಆಗಲೇಬೇಕಾದರೆ ಗೋಡೆಗೆ ಆಗಲಿ. ಅದು ಗಣನೀಯ ಹಾನಿ ಎಂದೇ ನಾನು ಬರೆದಿದ್ದೇನೆ."

ಆಗ ಹ್ಯಾರಿಸ್ ಕೈ ಎತ್ತಿದ. ವಿರೋಧಿಸುತ್ತಾನೆಂದು ಎಲ್ಲರೂ ತಿಳಿದರು. ಅವನು, ತೆಂಕಣದ ರಸ್ತೆಯಿಂದ ಉಗ್ರಾಣದ ಕೆಲಸ ಒಂದು ಚಳಿಗಾಲ ಹಿಂದೆ ಬೀಳುತ್ತದೆ, ಅಷ್ಟು ಕಾಲ ಕೊಳವನ್ನು ಕಾಯುವ ಹೊಣೆ ತನ್ನದು, ತನಗೆ ಅದು ಇಷ್ಟವಿಲ್ಲ, ಆದರೂ ಮಾಡಬಲ್ಲೆ ಎಂದ. ಮಿಸೆಸ್ ಪ್ಯಾಸ್ಕ್‌ರನ್ನು ಏನಾದರೂ ಹೇಳುವಿರಾ ಎಂದು ಅಧ್ಯಕ್ಷರು ಕೇಳಿದರು. "ಅವರು ಹೇಳಿದರಲ್ಲ," ಎಂದಿತು ಆ ಹಣೆ.

ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಶರಣಪ್ಪ ಅಲ್ಲೇ ಕೂತಿದ್ದ. ಧೃತಿ ಅವನ ಮುಂದೆ ಟೀ ಇಟ್ಟು, ಅಪರೂಪಕ್ಕೆ ಬರೀ ಕನ್ನಡದಲ್ಲಿ, "ಅಪ್ಪಾ, ಕುಡಿ," ಎಂದಳು. ಅವನು ಕುಡಿದ. ಬಿಸಿಯಾಗಿತ್ತೆಂದು ಕಾಣುತ್ತದೆ, ಮುಖ ಕಿವಿಚಿದ.

ತೀರ್ಪು ಬರಲು ಒಂದಷ್ಟು ವಾರ ಹಿಡಿಯಿತು. ಉಗ್ರಾಣಕ್ಕೆ ಪರವಾನಗಿ ಸಿಕ್ಕಿತು. ರಸ್ತೆ ತೆಂಕಣಕ್ಕೆ ಎಂಬ ಷರತ್ತಿನ ಮೇಲೆ. ಗೋಡೆ ಬಿಚ್ಚುವಾಗಲೂ ಕಟ್ಟುವಾಗಲೂ ಹಳೆಯದನ್ನು ಬಲ್ಲ ಒಬ್ಬರು ಜೊತೆಗೆ ನಿಂತಿರಬೇಕು ಎಂಬುದು ಇನ್ನೊಂದು ಷರತ್ತು. ಬಡಗಣದ ಕೆಂಪು ಗೂಟಗಳನ್ನು ಕಿತ್ತರು. ಶರಣಪ್ಪ ಬಾರ್ಕಿಂಗಿಗೆ ಫೋನು ಮಾಡಿ ತಿಳಿಸಿದ. ಅಜ್ಜಿ, "ಕಿಟಕಿಯ ಕೆಳಗಿನದನ್ನೂ ಕಿತ್ತರೇ?" ಎಂದು ಕೇಳಿದರು. "ಕಿತ್ತರು," ಎಂದ. "ಸರಿ ಹಾಗಾದರೆ," ಎಂದು ಫೋನು ಇಟ್ಟರು.

ಈಲಿಂಗಿನ ಕಂಪನಿಯವರು ಜಗಳವೇನೂ ಆಡಲಿಲ್ಲ. ಹೊಸ ಕೆಲಸಗಳನ್ನು ಅವನ ಮೇಜಿಗೆ ಕಳಿಸುವುದನ್ನು ನಿಲ್ಲಿಸಿದರು. ವರ್ಷ ಮುಗಿದಾಗ ಕೈ ಕುಲುಕಿ ಬೀಳ್ಕೊಟ್ಟರು. ಆ ಸುದ್ದಿಯನ್ನೂ ಅವನು ಮೇಷ್ಟರಿಗೆ ರೊಟ್ಟಿಯ ಜೊತೆಗೇ ಬಡಿಸಿದ. ಜಾಹ್ನವಿ ಎಲ್ಲೆಲ್ಲಿಗೋ ಬರೆದು ಕೆಲಸ ಹುಡುಕಿಕೊಡಲು ನೋಡುತ್ತಿರುವಾಗ ಹ್ಯಾರಿಸ್‌ನ ಫೋನು ಬಂತು. "ಗೋಡೆ ಬಿಚ್ಚಿಸಿದವನೇ ನಿಂತು ಕಟ್ಟಿಸಲಿ. ನನ್ನ ಚಳಿಗಾಲ ತಿಂದದ್ದಕ್ಕೆ ಅದೇ ಶಿಕ್ಷೆ," ಎಂದನಂತೆ.

ಈಗ ಶರಣಪ್ಪ ವಾರದಲ್ಲಿ ಹೆಚ್ಚು ದಿನ ಕಡಲಂಚಿನಲ್ಲೇ ಇರುತ್ತಾನೆ. ಅಲ್ಲೇ ಒಂದು ಕೋಣೆ ಹಿಡಿದಿದ್ದಾನೆ. ಶನಿವಾರ ಮನೆಗೆ ಬರುತ್ತಾನೆ. ಪಾಗಾರದ ಮೂಲೆಯನ್ನು ಬಿಚ್ಚಿ, ಒಂದೊಂದು ಇಟ್ಟಿಗೆಗೂ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಹಲಗೆಗಳ ಮೇಲೆ ಸಾಲು ಸಾಲಾಗಿ ಜೋಡಿಸಿ, ಒಳಕ್ಕೆ ಸರಿದ ಹೊಸ ಪಾಯದ ಮೇಲೆ ಅದೇ ಸಾಲಿನಲ್ಲಿ ಮರಳಿ ಕಟ್ಟಿಸುತ್ತಿದ್ದಾನೆ. ಗಾರೆಯವರು ಇಬ್ಬರು ಸಾಕಷ್ಟು ವಯಸ್ಸಾದವರು. ಅವನನ್ನು 'ಪ್ರೊಫೆಸರ್' ಎಂದು ಛೇಡಿಸುತ್ತಾರೆ, ಸುಣ್ಣ ಕಲಸುವ ಕೆಲಸವನ್ನು ಅವನಿಗೇ ಹಚ್ಚುತ್ತಾರೆ. ಬಾರ್ಕಿಂಗಿನಿಂದ ಆಗಾಗ ಫೋನು ಬರುತ್ತದೆ. ಅಜ್ಜಿ ಬಡಗಣದ ಹುಲ್ಲು ಎಷ್ಟು ಎತ್ತರ ಬಂದಿದೆ ಎಂದು ಕೇಳುತ್ತಾರೆ, ಇವನು ಹೋಗಿ ನೋಡಿ ಹೇಳುತ್ತಾನೆ.

ಮೊನ್ನೆ ಮಧ್ಯಾಹ್ನ ಮೇಷ್ಟರು ಅವನಿಗೆ ಫೋನು ಮಾಡಿದರು. ಕಿಂಗ್ಸ್‌ಬರಿಯಲ್ಲಿ ಚಳಿ ಹೆಚ್ಚಾಗಿತ್ತು. ಅಲ್ಲಿ ಹೇಗಿದೆಯೋ ಎಂದು.

"ಏನಪ್ಪ ಶರಣಪ್ಪ, ಏನ್ಮಾಡ್ತಿದ್ದೀರಿ?"

"ಗ್ವಾಡಿಗೆ ಗೋಣಿತಾಟು ಹೊಚ್ಚಾಕತ್ತೇನ್ರಿ ಸರ. ನಾಳೆ ನಸುಕಿನ್ಯಾಗ ಇಬ್ಬನಿ ಹೆಪ್ಪುಗಟ್ಟತೈತಂತ. ಹಸಿ ಸುಣ್ಣಕ್ಕ ಹಿಮಾ ತಾಗಬಾರದ್ರಿ, ಉದುರಿ ಹೋಗತೈತಿ."

"ನಿಮಗೆ ಬೆಚ್ಚಗಿನದು ಏನಾದರೂ ಇದೆಯೋ?"

"ನನಗೇನ್ರಿ, ಆತದು." ಆ ಕಡೆ ಗಾಳಿ ಬೀಸುವ ಸದ್ದು, ಯಾರೋ 'ಪ್ರೊಫೆಸರ್' ಎಂದು ಕೂಗಿದ ಸದ್ದು ಕೇಳಿತು. "ಸರ, ಆಮ್ಯಾಲೆ ಮಾಡ್ತೇನ್ರಿ. ಕೈಯೆಲ್ಲಾ ಸುಣ್ಣ ಆಗೇತಿ. ಉರಿಯಾಕತ್ತೈತಿ."